ರಸ್ತೆ ಕಾರಿಗೆ ಸಸ್ಪೆನ್ಷನ್: ಇರುವ ದುಡ್ಡಲ್ಲಿ ಯಾವುದು ಕೊಳ್ಳಬೇಕು, ಯಾವುದು ಬೇಡ

ಹೆಚ್ಚೂಕಡಿಮೆ ಒಂದೇ ಮೊತ್ತಕ್ಕೆ ಮೂರು ಬಗೆಯ ಸರಕು ಸಿಗುತ್ತದೆ. ಒಂದು, ಅಗ್ಗದ ಕಾಯಿಲ್‌ಓವರ್ ಕಿಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಂದಾಗಿದ್ದು, ಮೈಮೇಲಿನ ಥ್ರೆಡ್ಡಿನಿಂದ ಎತ್ತರ ಹೊಂದಿಸುವಂಥದು. ಎರಡು, ಹಳೇ ಶಾಕ್‌ಗಳ ಮೇಲೇ ಕೂರಿಸುವ, ಕಾರನ್ನು ಕೆಳಕ್ಕಿಳಿಸುವ ಲೋವರಿಂಗ್ ಸ್ಪ್ರಿಂಗ್, ಜೊತೆಗೆ ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ದಪ್ಪನೆಯ ಆಂಟಿ-ರೋಲ್ ಬಾರ್. ಮೂರು, ನಾಲ್ಕು ಒಳ್ಳೆಯ ಡ್ಯಾಂಪರ್ (ಶಾಕ್‌ನ ಇನ್ನೊಂದು ಹೆಸರು), ಹಿತಮಿತವಾದ ಸ್ಪ್ರಿಂಗ್, ಹೊಸ ರಬ್ಬರ್ ಭಾಗಗಳು. ಫೋಟೋದಲ್ಲಿ ಚೆಂದ ಕಾಣುವುದು ಮೊದಲನೆಯದು. ವಾರವಿಡೀ ರಸ್ತೆಯಲ್ಲಿ ಓಡಿ, ರಜೆಯ ದಿನ ಬೆಟ್ಟದ ತಿರುವುಗಳಲ್ಲೋ ಟ್ರ್ಯಾಕಿನಲ್ಲೋ ಜೋರಾಗಿ ಓಡುವ ಕಾರಿಗೆ ಬೇಕಾದದ್ದು ಮೂರನೆಯದು. ಕಾರಣ ಸರಳ: ರಸ್ತೆ ಸಮತಟ್ಟಾಗಿರುವುದಿಲ್ಲ. ಟೈರು ನೆಲ ಬಿಡದಂತೆ ಹಿಡಿದಿಡುವ ಕೆಲಸ ಡ್ಯಾಂಪರಿನದು, ಎತ್ತರ ಹೊಂದಿಸುವ ಥ್ರೆಡ್ಡಿನದಲ್ಲ.

ಏನನ್ನಾದರೂ ಕೊಳ್ಳುವ ಮೊದಲು ಕಾರಿನ ಕೆಳಗೊಮ್ಮೆ ಇಣುಕಬೇಕು. ಶಾಕ್ ಮೈಮೇಲೆ ತೆಳುವಾದ ಎಣ್ಣೆ ಪಸೆ, ಅದಕ್ಕೆ ಅಂಟಿದ ಒಂದಿಷ್ಟು ಧೂಳು ಇದ್ದರೆ ಗಾಬರಿ ಬೇಡ. ಎಣ್ಣೆ ಒದ್ದೆಯಾಗಿ ಕೆಳಗಿನವರೆಗೆ ಇಳಿದಿದ್ದರೆ ಸೀಲ್ ಹೋಗಿದೆ. ಟೈರಿನ ಮೇಲೆ ಅಂಗೈ ಸವರಿದಾಗ ಅಲ್ಲಲ್ಲಿ ತಗ್ಗು-ದಿಣ್ಣೆಯಾಗಿ ಸವೆದದ್ದು ತಿಳಿದರೆ ಡ್ಯಾಂಪರ್ ದಣಿದಿದೆ ಎಂಬ ಅನುಮಾನ ಗಟ್ಟಿ. ಚಕ್ರವನ್ನು ಕಾರಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ನ ರಬ್ಬರ್ ಬುಶ್‌ಗಳು ಬಿರುಕು ಬಿಟ್ಟಿವೆಯೇ, ಬಾಲ್ ಜಾಯಿಂಟ್ ಆಡುತ್ತಿದೆಯೇ, ಆಂಟಿ-ರೋಲ್ ಬಾರಿನ ಲಿಂಕ್ ಕಟಕಟ ಅನ್ನುತ್ತಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಬೇಕು. ಒಂದು ಲಕ್ಷ ಕಿಲೋಮೀಟರ್ ಓಡಿದ ಬುಶ್‌ಗಳ ಮೇಲೆ ದುಬಾರಿ ಡ್ಯಾಂಪರ್ ಕೂರಿಸಿದರೆ ಸ್ಟಿಯರಿಂಗ್ ಮುಂಚಿನಷ್ಟೇ ಸಡಿಲ. ಟೈರ್ ಹಳೆಯದಾಗಿದ್ದರೆ ಮೊದಲ ದುಡ್ಡು ಅಲ್ಲಿಗೇ ಹೋಗಬೇಕು, ಈ ಮಾತಿಗೆ ವಿನಾಯಿತಿ ಇಲ್ಲ.

ಈಗ ಸ್ಪ್ರಿಂಗ್. ಎಷ್ಟು ಗಟ್ಟಿ ಬೇಕು ಎಂಬುದನ್ನು ಬಾಯಿಮಾತಿಗೆ ಬಿಡದೆ ಲೆಕ್ಕ ಹಾಕಬಹುದು. ಚಕ್ರದ ಬಳಿ ಸಿಗುವ ಗಡಸುತನವನ್ನು ಆ ಮೂಲೆಯ ಸ್ಪ್ರಿಂಗ್ ಹೊರುವ ತೂಕದಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿದರೆ ಕಾರು ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬ ಸಂಖ್ಯೆ ಬರುತ್ತದೆ. ಮುಂದಿನ ಒಂದು ಮೂಲೆಯಲ್ಲಿ 300 ಕೆ.ಜಿ. ಇದೆ, ಗಡಸುತನ ಮಿ.ಮೀ.ಗೆ 20 ನ್ಯೂಟನ್ ಎಂದುಕೊಳ್ಳಿ. ಲೆಕ್ಕದಲ್ಲಿ 20ನ್ನು ಮೀಟರಿಗೆ 20,000 ಎಂದು ಹಾಕಬೇಕು. ಉತ್ತರ 1.3 ಹರ್ಟ್ಜ್, ಅಂದರೆ ಸಾಮಾನ್ಯ ಕುಟುಂಬದ ಕಾರಿನ ಮಟ್ಟ. ಅದೇ 30 ನ್ಯೂಟನ್ ಆದರೆ 1.6. ಚುರುಕಾದ ರಸ್ತೆ ಕಾರಿಗೆ 1.5ರಿಂದ 1.8ರ ನಡುವೆ ಇದ್ದರೆ ಸಾಕು. 2 ದಾಟಿದರೆ ನುಣುಪಾದ ಟ್ರ್ಯಾಕ್ ಮಾತ್ರ ಅದಕ್ಕೆ ಒಗ್ಗುತ್ತದೆ.

ಇಲ್ಲೇ ಅನೇಕರು ಎಡವುತ್ತಾರೆ. ಕಿಟ್ಟಿನ ಡಬ್ಬಿಯ ಮೇಲೆ ‘8 ಕೆ.ಜಿ.’ ಎಂದು ಬರೆದಿರುತ್ತದೆ. ಮಿ.ಮೀ.ಗೆ 8 ಕೆ.ಜಿ. ಅಂದರೆ 78 ನ್ಯೂಟನ್. ಸ್ಪ್ರಿಂಗ್, ಶಾಕ್ ಒಂದೇ ಕಂಬದಲ್ಲಿರುವ ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ ಮೋಷನ್ ರೇಷಿಯೋ, ಅಂದರೆ ಚಕ್ರ ಒಂದು ಮಿ.ಮೀ. ಚಲಿಸಿದಾಗ ಸ್ಪ್ರಿಂಗ್ ಎಷ್ಟು ಕುಗ್ಗುತ್ತದೆ ಎಂಬುದು, 0.95ರ ಹತ್ತಿರ ಇರುತ್ತದೆ, ಅದರ ವರ್ಗದಿಂದ ಗುಣಿಸಿದರೆ ಚಕ್ರದ ಬಳಿ ಸುಮಾರು 71 ನ್ಯೂಟನ್. ಅದೇ 300 ಕೆ.ಜಿ.ಗೆ ಇದು 2.4 ಹರ್ಟ್ಜ್, ಸ್ಲಿಕ್ ಟೈರ್ ಹಾಕಿದ ರೇಸ್ ಕಾರಿನ ಲೆಕ್ಕ. ಇನ್ನೊಂದು ಕಡೆ, ಸ್ಪ್ರಿಂಗ್ ಆರ್ಮ್‌ನ ನಡುವೆ ಕೂತಿರುವ ಮಲ್ಟಿ-ಲಿಂಕ್ (ಹಲವು ಆರ್ಮ್‌ಗಳ) ಹಿಂಭಾಗದಲ್ಲಿ ಮೋಷನ್ ರೇಷಿಯೋ 0.7 ಇದ್ದರೆ, 60 ನ್ಯೂಟನ್ನಿನ ಸ್ಪ್ರಿಂಗ್ ಚಕ್ರಕ್ಕೆ ಕೊಡುವುದು 29 ಮಾತ್ರ. ಹಾಗಾಗಿ ಸ್ಪ್ರಿಂಗಿನ ಸಂಖ್ಯೆಯೊಂದನ್ನೇ ಹಿಡಿದು ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸಬಾರದು.

ಐಬಾಕ್ ಪ್ರೋ-ಕಿಟ್‌ನಂಥ ಸ್ಪ್ರಿಂಗ್‌ಗಳು ಬಜೆಟ್ಟಿಗೆ ಹೊಂದುವುದು ಇದೇ ಕಾರಣಕ್ಕೆ. ಹೆಚ್ಚಿನ ಕಾರುಗಳಲ್ಲಿ 25ರಿಂದ 35 ಮಿ.ಮೀ.ನಷ್ಟೇ ಇಳಿಸುತ್ತವೆ, ಗಡಸುತನವೂ ಅಳತೆ ಮೀರುವುದಿಲ್ಲ. ಅದೇ ಕಂಪನಿಯ ಸ್ಪೋರ್ಟ್‌ಲೈನ್ ಇನ್ನೂ ಕೆಳಕ್ಕೆ ಇಳಿಸುತ್ತದೆ, ರಸ್ತೆ ಕಾರಿಗೆ ಅದನ್ನು ನಾವು ಹೇಳುವುದಿಲ್ಲ. ಸ್ಟ್ರಟ್ ಕಾರಿನಲ್ಲಿ ಕೆಳಗಿನ ಕಂಟ್ರೋಲ್ ಆರ್ಮ್ ಅಡ್ಡಡ್ಡ ನೇರವಾಗಿರುವ ಮಟ್ಟವನ್ನೂ ಮೀರಿ ಇಳಿಸಿದರೆ, ಆರ್ಮ್‌ನ ಹೊರತುದಿ ಮೇಲೆದ್ದು ರೋಲ್ ಸೆಂಟರ್ (ಕಾರು ವಾಲುವಾಗ ಯಾವುದರ ಸುತ್ತ ತಿರುಗುತ್ತದೋ ಆ ಬಿಂದು) ಸರ್ರನೆ ಕೆಳಗೆ ಕುಸಿಯುತ್ತದೆ. ಕಾರಿನ ತೂಕದ ಕೇಂದ್ರ ಇಳಿದದ್ದಕ್ಕಿಂತ ಹೆಚ್ಚು ಇದು ಇಳಿಯುವುದರಿಂದ ಕಾರು ಮೊದಲಿಗಿಂತ ಜಾಸ್ತಿ ವಾಲಲು ಹವಣಿಸುತ್ತದೆ, ವಾಲಿದಾಗ ಸಿಗಬೇಕಾದ ನೆಗೆಟಿವ್ ಕ್ಯಾಂಬರೂ (ಚಕ್ರದ ಮೇಲ್ತುದಿ ಒಳಕ್ಕೆ ಬಾಗುವುದು) ಕೈತಪ್ಪುತ್ತದೆ. ಕೆಳಗೆ ಕೂತ ಕಾರು ಚೆನ್ನಾಗಿ ತಿರುಗುತ್ತದೆ ಎಂಬ ನಂಬಿಕೆ ಒಂದು ಮಟ್ಟದವರೆಗೆ ಮಾತ್ರ ನಿಜ.

ಇಳಿಸಿದಾಗ ಕಳೆದುಕೊಳ್ಳುವ ಇನ್ನೊಂದು ವಸ್ತು ಟ್ರಾವೆಲ್, ಅಂದರೆ ಚಕ್ರ ಮೇಲೆ-ಕೆಳಗೆ ಓಡಾಡಲು ಇರುವ ಜಾಗ, ಅದೇ ಎಲ್ಲಕ್ಕಿಂತ ಬೆಲೆಬಾಳುವಂಥದು. ಕಾರು ನಿಂತಿದ್ದಾಗ ಶಾಕ್ ಮೈಗೂ ಬಂಪ್ ಸ್ಟಾಪಿಗೂ (ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ಮೆತ್ತನೆಯ ತುಂಡು) ನಡುವೆ 30 ಮಿ.ಮೀ. ಜಾಗ ಇತ್ತು ಎಂದುಕೊಂಡರೆ, ಉದ್ದದ ಶಾಕ್ ಹಾಗೇ ಇಟ್ಟು 30 ಮಿ.ಮೀ. ಇಳಿಸಿದಾಗ ಕಾರು ಬಂಪ್ ಸ್ಟಾಪಿನ ಮೇಲೇ ಕೂತಿರುತ್ತದೆ. ಆಮೇಲೆ ಪ್ರತಿ ಹಳ್ಳಕ್ಕೂ ಧಡ್ ಅನ್ನುತ್ತದೆ. ತಿರುವಿನ ನಡುವೆ ಹೊರಗಿನ ಮುಂದಿನ ಚಕ್ರ ಬಂಪ್ ಸ್ಟಾಪನ್ನು ಒತ್ತಿದ ಕ್ಷಣ ಆ ಮೂಲೆ ಒಮ್ಮೆಗೇ ಗಟ್ಟಿಯಾಗಿ ಮೂಗು ಹೊರಕ್ಕೆ ಜಾರುತ್ತದೆ. ಓಡಿಸುವವರು ಇದನ್ನು ‘ಸ್ಪ್ರಿಂಗ್ ಗಟ್ಟಿ’ ಎಂದುಕೊಂಡು ಇನ್ನೂ ಮೆತ್ತನೆಯ ಸ್ಪ್ರಿಂಗ್ ಹುಡುಕುತ್ತಾರೆ, ಅದರಿಂದ ಪರಿಸ್ಥಿತಿ ಮತ್ತಷ್ಟು ಕೆಡುತ್ತದೆ.

ಇದನ್ನು ಕಣ್ಣಾರೆ ನೋಡಲು ಒಂದು ಕೇಬಲ್ ಟೈ ಸಾಕು. ಡಸ್ಟ್ ಬೂಟ್ ಮೇಲಕ್ಕೆ ಸರಿಸಿ, ಶಾಕಿನ ಹೊಳೆಯುವ ಶಾಫ್ಟಿಗೆ ಟೈ ಬಿಗಿದು ಕೆಳಗೆ ಸೀಲಿನವರೆಗೆ ತಳ್ಳಿ, ದಿನದ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಬರಬೇಕು. ಟೈ ಶಾಫ್ಟಿನ ಮೇಲೆ ಎಲ್ಲಿಯವರೆಗೆ ತಳ್ಳಿಸಿಕೊಂಡು ಹೋಗಿದೆಯೋ ಅಲ್ಲಿಯವರೆಗೆ ಶಾಕ್ ಕುಗ್ಗಿದೆ. ಸಣ್ಣ ಉಬ್ಬಿಗೇ ಅದು ಬಂಪ್ ಸ್ಟಾಪಿನ ಬುಡಕ್ಕೆ ಹೋಗಿ ಅಂಟಿಕೊಂಡಿದ್ದರೆ ಟ್ರಾವೆಲ್ ಮುಗಿದಿದೆ. ಬಂಪ್ ಸ್ಟಾಪನ್ನು ಮನಸ್ಸಿಗೆ ಬಂದಷ್ಟು ಕತ್ತರಿಸುವುದು ಇದಕ್ಕೆ ಮದ್ದಲ್ಲ. ಪೂರಾ ಕತ್ತರಿಸಿದರೆ ಶಾಕಿನೊಳಗೆ ಲೋಹಕ್ಕೆ ಲೋಹ ಬಡಿದು ಒಳಗಿನ ವಾಲ್ವ್ ಮುರಿಯುತ್ತದೆ. ಮೈ ಗಿಡ್ಡಗಿರುವ ಡ್ಯಾಂಪರ್ ಹಾಕುವುದೇ ಸರಿಯಾದ ದಾರಿ.

ಆ ದಾರಿಯಲ್ಲಿ ನಮ್ಮ ಮೊದಲ ಆಯ್ಕೆ ಬಿಲ್‌ಸ್ಟೈನ್ ಬಿ8. ಬಿ6 ಮತ್ತು ಬಿ8 ಎರಡೂ ಅಧಿಕ ಒತ್ತಡದ ಗ್ಯಾಸ್ ತುಂಬಿದ ಮೋನೋಟ್ಯೂಬ್, ಅಂದರೆ ಒಂದೇ ಕೊಳವೆಯ ಶಾಕ್. ಬಿ6 ಮೂಲ ಎತ್ತರದ ಸ್ಪ್ರಿಂಗಿಗೆ, ಬಿ8 ಇಳಿಸಿದ ಸ್ಪ್ರಿಂಗಿಗೆ ತಕ್ಕಂತೆ ಗಿಡ್ಡ. ಇವೆರಡನ್ನು ಅದಲುಬದಲು ಮಾಡಿಕೊಂಡು ಕೊಳ್ಳುವುದು ತೀರಾ ಸಾಮಾನ್ಯವಾದ ತಪ್ಪು. ಬಿ8 ಮತ್ತು ಐಬಾಕ್ ಸ್ಪ್ರಿಂಗ್ ಸೇರಿಸಿ ಬಿ12 ಎಂಬ ಒಂದೇ ಡಬ್ಬಿಯಲ್ಲೂ ಕೊಡುತ್ತಾರೆ, ಜೋಡಿ ಹೊಂದುತ್ತದೋ ಇಲ್ಲವೋ ಎಂಬ ತಲೆನೋವು ಅಲ್ಲಿಗೆ ತಪ್ಪುತ್ತದೆ. ಹೊಂದಿಸುವ ತಿರುಪು ಯಾವುದೂ ಇಲ್ಲ, ಹಾಕಿ ಮರೆಯಬಹುದು. ನಿಧಾನ ಚಲನೆಯಲ್ಲಿ, ಅಂದರೆ ಕಾರು ವಾಲುವಾಗ, ಬ್ರೇಕಿಗೆ ಮೂಗು ಬಗ್ಗಿಸುವಾಗ ಬಿಗಿ ಹಿಡಿತ. ಹಳ್ಳದಲ್ಲಿ ಶಾಫ್ಟ್ ವೇಗವಾಗಿ ಓಡುವಾಗ ವಾಲ್ವ್ ತೆರೆದು ಬಿಟ್ಟುಕೊಡುತ್ತದೆ. ಆದರೂ ರಸ್ತೆಯ ಸಣ್ಣ ಸಣ್ಣ ಜೋಡುಗಳ ಮೇಲೆ ಮೂಲ ಶಾಕ್‌ಗಿಂತ ಚೂರು ಒರಟು ಅನ್ನಿಸುವುದು ನಿಜ. ಹಲವು ಸ್ಟ್ರಟ್ ಕಾರುಗಳಿಗೆ ಇದು ತಲೆಕೆಳಗಾದ ಮೋನೋಟ್ಯೂಬ್ ಆಗಿ ಬರುತ್ತದೆ. ಅಂಥದರಲ್ಲಿ ಬಂಪ್ ಸ್ಟಾಪ್ ಒಳಗೇ ಇರುವುದರಿಂದ ಹೊರಗೆ ಇನ್ನೊಂದನ್ನು ತೂರಿಸಬಾರದು. ತೂರಿಸಿದರೆ ಹೇಗೋ ಗಳಿಸಿದ ಟ್ರಾವೆಲ್ ಮತ್ತೆ ಹೋಯಿತು. ವರ್ಷಗಳ ನಂತರ ಒಳಗಿನ ಗ್ರೀಸ್ ಒಣಗಿದಾಗ ಟಕ್ ಟಕ್ ಸದ್ದು ಬರಬಹುದು, ಬಿಚ್ಚಿ ಗ್ರೀಸ್ ತುಂಬಿದರೆ ನಿಲ್ಲುತ್ತದೆ.

ಕೋನಿ ಸ್ಪೋರ್ಟ್, ಎಲ್ಲರೂ ಹಳದಿ ಕೋನಿ ಅನ್ನುವುದು, ಇನ್ನೊಂದು ಗಟ್ಟಿ ಆಯ್ಕೆ. ಇದು ಟ್ವಿನ್‌ಟ್ಯೂಬ್ (ಕೊಳವೆಯೊಳಗೆ ಕೊಳವೆ), ರಿಬೌಂಡ್ (ಶಾಕ್ ಹಿಗ್ಗುವಾಗಿನ ಬಿಗಿ) ಮಾತ್ರ ಹೊಂದಿಸಬಹುದು. ಸ್ಪ್ರಿಂಗಿನ ಗಡಸುತನ ಶೇ. 30 ಹೆಚ್ಚಾದರೆ ಬೇಕಾಗುವ ಡ್ಯಾಂಪಿಂಗ್ ಹೆಚ್ಚುವುದು ವರ್ಗಮೂಲದ ಲೆಕ್ಕದಲ್ಲಿ, ಅಂದರೆ ಸುಮಾರು ಶೇ. 14. ಆ ಸಣ್ಣ ವ್ಯತ್ಯಾಸವನ್ನು ಹೊಂದಿಸಿಕೊಳ್ಳಲು ಹಳದಿ ಕೋನಿಯ ತಿರುಪು ಹೇಳಿಮಾಡಿಸಿದ್ದು. ಪೂರ್ತಿ ಮೆತ್ತಗೆ ತಿರುಗಿಸಿ ಅಲ್ಲಿಂದ ಎಣಿಸುತ್ತಾ ಬನ್ನಿ, ಹಗುರ ಸ್ಪ್ರಿಂಗಿಗೆ ಅರ್ಧ ಸುತ್ತಿನಿಂದ ಮುಕ್ಕಾಲು ಸುತ್ತು ಶುರುವಿಗೆ ಸರಿ. ಪೂರ್ತಿ ಬಿಗಿ ಮಾಡಿ ರಸ್ತೆಗಿಳಿದರೆ ಸಾಲುಸಾಲು ಉಬ್ಬುಗಳಲ್ಲಿ ಚಕ್ರ ಕೆಳಗಿಳಿಯಲು ಸಮಯ ಸಾಲದೆ ಕಾರು ಮೆಟ್ಟಿಲಿಳಿದಂತೆ ಕೆಳಗೆ ಕೂರುತ್ತಾ ಹೋಗುತ್ತದೆ. ಕೊರತೆ ಒಂದೇ: ಕೆಲವು ಕಾರುಗಳ ಹಿಂದಿನ ಜೋಡಿಯನ್ನು ಹೊಂದಿಸಲು ಶಾಕ್ ಬಿಚ್ಚಿ, ಪೂರ್ತಿ ಕುಗ್ಗಿಸಿ ತಿರುಗಿಸಬೇಕು. ಕೊಳ್ಳುವ ಮೊದಲು ನಿಮ್ಮ ಕಾರಿನ ಭಾಗಸಂಖ್ಯೆ ಯಾವ ಬಗೆಯದು ಎಂದು ನೋಡಿಕೊಳ್ಳಿ.

ಕೈ ಇನ್ನೂ ಬಿಗಿ ಇದ್ದರೆ ಕಿತ್ತಳೆ ಬಣ್ಣದ ಕೋನಿ ಎಸ್‌ಟಿಆರ್.ಟಿ. ಹೊಂದಿಸಲಾಗದು, ಆದರೆ ಇಳಿಸಿದ ಸ್ಪ್ರಿಂಗ್ ಜೊತೆ ಕೆಲಸ ಮಾಡಲೆಂದೇ ಮಾಡಿದ್ದು. ಕೊಟ್ಟ ದುಡ್ಡಿಗೆ ಇಷ್ಟು ಸಿಗುವ ಇನ್ನೊಂದು ಡ್ಯಾಂಪರ್ ಹೇಳುವುದು ಕಷ್ಟ. ಕೆವೈಬಿ ಎಕ್ಸೆಲ್-ಜಿ ಕಾರನ್ನು ಹೊಸದರಂತೆ ಮಾಡುತ್ತದೆ. ಎತ್ತರ ಬದಲಿಸದವರಿಗೆ ಅದು ಒಳ್ಳೆಯದು, ಲೋವರಿಂಗ್ ಸ್ಪ್ರಿಂಗ್ ಜೊತೆಗೆ ಬೇಡ.

ಕಾಯಿಲ್‌ಓವರೇ ಬೇಕು ಎನ್ನುವವರಿಗೂ ಒಂದು ಮಾತು. ಕೆಡಬ್ಲ್ಯು ವೇರಿಯಂಟ್ 1ರಲ್ಲಿ ಡ್ಯಾಂಪಿಂಗ್ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ, ಮೈ ಸ್ಟೇನ್‌ಲೆಸ್ ಸ್ಟೀಲ್, ಆದ್ದರಿಂದ ಮಳೆಗಾಲಗಳು ಕಳೆದರೂ ರಿಂಗ್ ತಿರುಗುತ್ತದೆ. ರಸ್ತೆ ಕಾರಿಗೆ ಅದು ಸೈ. ಬಿ.ಸಿ. ರೇಸಿಂಗ್ ಕಂಪನಿಯ ಬಿಆರ್ ಕಿಟ್ಟಿನಲ್ಲಿ 30 ಹಂತಗಳಿವೆ, ಒಂದೇ ತಿರುಪು ಬಂಪ್ (ಕುಗ್ಗುವಾಗಿನ ಬಿಗಿ) ಮತ್ತು ರಿಬೌಂಡ್ ಎರಡನ್ನೂ ಒಟ್ಟಿಗೆ ಬದಲಿಸುತ್ತದೆ. ಎತ್ತರವನ್ನು ಕೆಳಗಿನ ಬ್ರಾಕೆಟ್ಟಿನಿಂದ ಹೊಂದಿಸುವುದರಿಂದ ಸ್ಟ್ರೋಕ್ (ಶಾಕಿನ ಶಾಫ್ಟ್ ಓಡುವ ಉದ್ದ) ಉಳಿಯುತ್ತದೆ. ಆರ್ಡರ್ ಮಾಡುವಾಗ ಮೆತ್ತನೆಯ ಸ್ಪ್ರಿಂಗ್ ಕೇಳಿ ತೆಗೆದುಕೊಂಡರೆ ಮಾತ್ರ ರಸ್ತೆಗೆ ಒಪ್ಪುತ್ತದೆ.

ಇವಕ್ಕಿಂತ ಕೆಳಗಿನ ಬೆಲೆಯ ಹೆಸರಿಲ್ಲದ ಕಿಟ್‌ಗಳನ್ನು ಮುಟ್ಟಬೇಡಿ. ಕ್ಲಿಕ್‌ಗಳ ಸಂಖ್ಯೆ ದೊಡ್ಡದು, ಅವುಗಳಲ್ಲಿ ಎಷ್ಟೋ ತಿರುಗಿಸಿದರೂ ಏನೂ ಬದಲಾಗುವುದಿಲ್ಲ. ಎಡಬಲದ ಶಾಕ್‌ಗಳೇ ಒಂದಕ್ಕೊಂದು ಹೊಂದುವುದಿಲ್ಲ. ಸ್ಟ್ರೋಕ್ ಗಿಡ್ಡ, ಸ್ಪ್ರಿಂಗ್ ಅತಿ ಗಟ್ಟಿ, ಶಾಕಿನ ಮೇಲ್ತುದಿ ಹಿಡಿಯುವ ಲೋಹದ ಪಿಲ್ಲೋಬಾಲ್ ಟಾಪ್ ಮೌಂಟ್ ಕೆಲವೇ ಸಾವಿರ ಕಿಲೋಮೀಟರಿಗೆ ಗಲಗಲ. ಸೀಲ್ ಸೋರಿದಾಗ ಬಿಡಿಭಾಗ ಸಿಗುವುದಿಲ್ಲ, ಮತ್ತೆ ಇಡೀ ಕಿಟ್ ಕೊಳ್ಳಬೇಕು.

ಆಂಟಿ-ರೋಲ್ ಬಾರ್ ಆಮೇಲಿನ ಮಾತು. ಬಾರಿನ ಬಿಗಿ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ, 20 ಮಿ.ಮೀ.ನಿಂದ 22ಕ್ಕೆ ಹೋದರೂ ಶೇ. 46 ಹೆಚ್ಚು. ಮುಂದಿನ ಚಕ್ರ ಎಳೆಯುವ ಕಾರಿನ ಹಿಂಭಾಗಕ್ಕೆ ಒಂದು ಹಂತ ದಪ್ಪ ಬಾರ್ ಹಾಕಿದರೆ ಮೂಗು ಚುರುಕಾಗಿ ಒಳಕ್ಕೆ ಬರುತ್ತದೆ. ಎರಡು ಹಂತ ಏರಿಸಿದರೆ ಒದ್ದೆ ರಸ್ತೆಯಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಹಿಂಭಾಗ ಹೊರಳಬಹುದು. ಎಡಬಲದ ಸ್ಟ್ರಟ್‌ಗಳ ತಲೆಗಳನ್ನು ಜೋಡಿಸುವ ಸ್ಟ್ರಟ್ ಬ್ರೇಸ್‌ಗೆ ದುಡ್ಡು ಹಾಕಬೇಡಿ, ಈಚಿನ ಗಟ್ಟಿ ಬಾಡಿಗಳಲ್ಲಿ ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ.

ಕೂರಿಸುವ ಕೆಲಸದಲ್ಲಿ ಕೆಡುವುದು ಸಣ್ಣ ವಿಷಯಗಳಲ್ಲಿ. ಟಾಪ್ ಮೌಂಟ್, ಅದರ ಬೇರಿಂಗ್, ಡಸ್ಟ್ ಬೂಟ್ ಹೊಸದನ್ನೇ ಹಾಕಿ. ಹಳೇ ಬೇರಿಂಗ್ ಉಳಿಸಿದರೆ ಸ್ಟಿಯರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಟಂಯ್ ಎಂದು ಜಿಗಿಯುತ್ತದೆ, ಇಡೀ ಕೆಲಸ ಮತ್ತೆ ಮಾಡಬೇಕು. ಮೇಲಿನ ನಟ್ಟಿಗೆ ಇಂಪ್ಯಾಕ್ಟ್ ಗನ್ ಬೇಡ, ಶಾಫ್ಟ್ ಗಿರಗಿರ ತಿರುಗಿ ಒಳಗಿನ ಸೀಲ್ ಮತ್ತು ಪಿಸ್ಟನ್ ನಟ್ ಹಾಳಾಗುತ್ತವೆ. ಶಾಫ್ಟನ್ನು ಇಕ್ಕಳದಲ್ಲಿ ಹಿಡಿದರಂತೂ ಕ್ರೋಮ್ ಮೇಲೆ ಬಿದ್ದ ಒಂದೇ ಒಂದು ಗೀರು ಪ್ರತಿ ಸಲ ಸೀಲನ್ನು ಕೆರೆಯುತ್ತದೆ. ಸ್ಪ್ರಿಂಗ್ ಕಂಪ್ರೆಸರಿನ ಎರಡು ಕೊಕ್ಕೆಗಳು ಎದುರುಬದುರಾಗಿ ಇರಲಿ, ಒಂದಿಷ್ಟು ಆ ಕಡೆ ಒಂದಿಷ್ಟು ಈ ಕಡೆ ಬಿಗಿಯುತ್ತಾ ಬನ್ನಿ. ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರ ಇರುವುದು) ಒಮ್ಮೆ ಬಿಚ್ಚಿದರೆ ಹೊಸದು ಹಾಕಿ. ಬ್ರೇಕ್ ಕ್ಯಾಲಿಪರ್ ಹೋಸಿನಿಂದ ಜೋತಾಡಬಾರದು, ತಂತಿಯಿಂದ ಕಟ್ಟಿಡಿ.

ಎಲ್ಲಕ್ಕಿಂತ ಹೆಚ್ಚು ಮರೆಯುವುದು ಬುಶ್ ಬೋಲ್ಟ್‌ಗಳನ್ನು. ಚಕ್ರ ನೇತಾಡುತ್ತಿರುವಾಗಲೇ ಕಂಟ್ರೋಲ್ ಆರ್ಮ್ ಬೋಲ್ಟ್ ಬಿಗಿದರೆ ರಬ್ಬರ್ ಆ ಕೋನಕ್ಕೇ ಕಚ್ಚಿಕೊಳ್ಳುತ್ತದೆ. ಕಾರು ನೆಲಕ್ಕಿಳಿದಾಗ ಅದು ತಿರುಚಿಕೊಂಡೇ ಇರುತ್ತದೆ, ಎತ್ತರ ತಪ್ಪು ತೋರಿಸುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬೋಲ್ಟ್ ಸಡಿಲ ಬಿಟ್ಟು, ಹಬ್ ಕೆಳಗೆ ಜ್ಯಾಕ್ ಕೊಟ್ಟು, ಹಬ್ಬಿನ ನಡುವಿನಿಂದ ಫೆಂಡರ್ ಅಂಚಿಗೆ ಅಳೆದ ಅಂತರ ನಿಂತ ಕಾರಿನಷ್ಟೇ ಆಗುವವರೆಗೆ ಎತ್ತಿ, ಆಮೇಲೆ ಟಾರ್ಕ್ ಕೊಡಬೇಕು.

ಬಜೆಟ್ ಹತ್ತು ಪಾಲು ಅಂದುಕೊಂಡರೆ ಡ್ಯಾಂಪರಿಗೆ ಐದು, ಸ್ಪ್ರಿಂಗಿಗೆ ಎರಡು, ರಬ್ಬರ್ ಭಾಗಗಳಿಗೆ ಎರಡು, ಉಳಿದ ಒಂದು ಅಲೈನ್ಮೆಂಟಿಗೆ ಮತ್ತು ಕ್ಯಾಂಬರ್ ಬೋಲ್ಟಿಗೆ. ಕೂರಿಸಿದ ದಿನವೇ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಸರಿಯಿದೆಯೇ ನೋಡಿ, ಇಲ್ಲದಿದ್ದರೆ ಟೈರು ಬೇಗ ಸವೆಯುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿ ಸ್ಪ್ರಿಂಗ್ ಕೂತ ಮೇಲೆ ಪೂರ್ತಿ ಅಲೈನ್ಮೆಂಟ್ ಮಾಡಿಸಿ: ಮುಂದೆ ಕ್ಯಾಂಬರ್ ಮೈನಸ್ 1.5 ಡಿಗ್ರಿ ಆಸುಪಾಸು, ಟೋ ಸೊನ್ನೆ, ಹಿಂದೆ ಅಲ್ಪ ಟೋ-ಇನ್, ಎಡಬಲ ಸಮ. ಕಾರಿನ ಎತ್ತರ ಬದಲಾದ್ದರಿಂದ ಹೆಡ್‌ಲೈಟ್‌ಗಳ ಮಟ್ಟವನ್ನೂ ಅದೇ ದಿನ ಹೊಂದಿಸಿಕೊಂಡು ಬನ್ನಿ.