ಕೈಮಷಿನ್: ಸಿಂಗರ್ 28 ಒಳ್ಳೆಯದೋ, ಹಳೆ ಉಷಾನೋ?

ಹುಬ್ಬಳ್ಳಿಯಲ್ಲಿ ಹಳೆ ಕೈಮಷಿನ್, ಅಂದರೆ ಕೈಯಲ್ಲಿ ತಿರುಗಿಸುವ ಹೊಲಿಗೆ ಮಷಿನ್, ಹುಡುಕುತ್ತಿದ್ದೀರಾ? ಮೊದಲು ಕೆಳಗಿನ ದಾರ ಸುತ್ತುವ ಬಾಬಿನ್ ನೋಡಿ. ಸಿಂಗರ್ 28ರಲ್ಲಿ ಅದು ಉದ್ದ ಕಡ್ಡಿಯಂಥದ್ದು, ಬುಲೆಟ್ ಆಕಾರದ ಶಟಲ್‌ನೊಳಗೆ ಕೂರುತ್ತದೆ. ಆ ಶಟಲ್ ಕಳೆದಿದ್ದರೆ ಮಷಿನ್ ಸುಮ್ನೆ ಶೋಕೇಸಿಗೆ. ದುರ್ಗದಬೈಲ್ ಮಾರುಕಟ್ಟೆ ಪೂರ್ತಿ ಸುತ್ತಿದರೂ ಸುಲಭಕ್ಕೆ ಸಿಗುವುದಿಲ್ಲ. ಉಷಾದ್ದು ದುಂಡು ಬಾಬಿನ್, ಟೇಲರ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ.

ನನ್ನ 28 ಜಾಮ್ ಆಗಿತ್ತು. ಯಾರೋ ಕೊಬ್ಬರಿ ಎಣ್ಣೆ ಬಿಟ್ಟಿದ್ದರು, ಬೆಲ್ಲದ ಪಾಕದಂತೆ ಅಂಟಾಗಿತ್ತು. ಸೀಮೆಎಣ್ಣೆ ಹನಿಸಿ, ಎರಡು ದಿನ ಬಿಟ್ಟು, ಒರೆಸಿ, ಮಷಿನ್ ಎಣ್ಣೆ ಹಾಕಿದ ಮೇಲೆ ಹಿಡಿಕೆ ತಿರುಗಿತು. ಹೊಲಿಗೆ ಎಷ್ಟು ಚೆಂದ! ಆದರೆ ಹಿಂದಕ್ಕೆ ಹೊಲಿಯುವುದಿಲ್ಲ. ಹೊಲಿಗೆ ಬಿಚ್ಚದಂತೆ ಕೊನೆಯಲ್ಲಿ ಬಟ್ಟೆಯನ್ನೇ ತಿರುಗಿಸಬೇಕು. ಖಣದ ಕುಪ್ಪಸಕ್ಕೆ ಅಷ್ಟು ಸಾಕು.

ಎರಡರಲ್ಲೂ ಬಲಗೈ ಹಿಡಿಕೆಗೇ ಮೀಸಲು, ಬಟ್ಟೆ ಸರಿಸಲು ಎಡಗೈ ಒಂದೇ ಅಲ್ವಾ? ರೂಢಿಯಾಗಬೇಕು. ಜಾಸ್ತಿ ಹೊಲಿಯುವವರಿಗೆ ಉಷಾನೇ ಸರಿ. ಮನೆಯಲ್ಲೇ ಶಟಲ್ ಸಮೇತ 28 ಇದ್ದರೆ ಗುಜರಿಗೆ ಮಾತ್ರ ಹಾಕಬೇಡಿ.