ಒಂದು ಶ್ರುತಿ, ಒಂದು ತಾಳ, ಮೂರು ತಂತ್ರಾಂಶ: ಪ್ಯೂರ್ ಡೇಟಾ, ಮ್ಯಾಕ್ಸ್, ವಿಸಿವಿ ರ‍್ಯಾಕ್

ಪರದೆಯ ಮೇಲೆ ಚೌಕಗಳನ್ನಿಟ್ಟು, ಒಂದರಿಂದ ಇನ್ನೊಂದಕ್ಕೆ ತಂತಿ ಎಳೆದು ನಾದ ಹುಟ್ಟಿಸುವ ತಂತ್ರಾಂಶಗಳಲ್ಲಿ ಯಾವುದರಿಂದ ಶುರು ಮಾಡಬೇಕು ಎಂದು ಕೇಳುವವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ 'ಯಾವುದಾದರೂ ಸರಿ' ಎಂಬುದು. ನಾನು ಅದನ್ನು ಒಪ್ಪುವುದಿಲ್ಲ. ಮೊದಲು ಹಿಡಿದ ಸಾಧನವೇ ನಮ್ಮ ಕಿವಿಯನ್ನೂ ಯೋಚನೆಯ ದಾರಿಯನ್ನೂ ತಿದ್ದುತ್ತದೆ. ಬಳ್ಳಾರಿಯಲ್ಲಿ ಇದನ್ನು ಹೇಳಿಕೊಡುವ ತರಗತಿ ನನಗೆ ಸಿಗಲಿಲ್ಲ. ಹಾಗಾಗಿ ಹೆಸರಾಂತ ಮೂರು ತಂತ್ರಾಂಶಗಳನ್ನು ನನ್ನ ಹಳೆಯ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಮೂರರಲ್ಲೂ ಒಂದೇ ಕೆಲಸ ಮಾಡಿ ನೋಡಿದೆ.

ಕೆಲಸ ಇಷ್ಟೇ. ಷಡ್ಜ–ಪಂಚಮಗಳ ಶ್ರುತಿ ನಿಲ್ಲದೆ ಹರಿಯುತ್ತಿರಬೇಕು, ಅದರ ಮೇಲೆ ಏಳು ಎಣಿಕೆಯ ಮಿಶ್ರಛಾಪು ನಡೆಯಬೇಕು. ತಾಳದ ಪೆಟ್ಟುಗಳಿಗೆ ನಮ್ಮ ಓಣಿಯ ಜೀನ್ಸ್ ಹೊಲಿಗೆ ಘಟಕದಲ್ಲಿ ಮೊಬೈಲಿನಲ್ಲಿ ಹಿಡಿದುಕೊಂಡ ಯಂತ್ರದ ಸದ್ದು. ಈ ತಂತ್ರಾಂಶಗಳ ಜೊತೆಗೆ ಬರುವ ಮಾದರಿಗಳು ಸಾಮಾನ್ಯವಾಗಿ ನಾಲ್ಕು ಎಣಿಕೆಯ ಲಯದಲ್ಲಿ, ಹನ್ನೆರಡು ಸಮಭಾಗಗಳ ಸಪ್ತಕದಲ್ಲಿ ಚೆನ್ನಾಗಿಯೇ ನುಡಿಯುತ್ತವೆ. ನಮ್ಮ ಶ್ರುತಿ, ನಮ್ಮ ಎಣಿಕೆ ತಂದಿಟ್ಟಾಗ ಯಾವುದು ಎಷ್ಟು ಜಾಗ ಬಿಟ್ಟುಕೊಡುತ್ತದೆ ಎಂಬುದನ್ನು ನೋಡಬೇಕಿತ್ತು.

ಪ್ಯೂರ್ ಡೇಟಾ ಮತ್ತು ಮ್ಯಾಕ್ಸ್ ಒಂದೇ ತಲೆಯಿಂದ ಬಂದವು. ಮಿಲರ್ ಪಕೆಟ್ 1980ರ ದಶಕದಲ್ಲಿ ಪ್ಯಾರಿಸ್ಸಿನ ಇರ್ಕಾಂ ಸಂಶೋಧನಾ ಕೇಂದ್ರದಲ್ಲಿ ಮ್ಯಾಕ್ಸ್ ಬರೆದರು. ಕಂಪ್ಯೂಟರ್ ಸಂಗೀತದ ಆದ್ಯರಲ್ಲೊಬ್ಬರಾದ ಮ್ಯಾಕ್ಸ್ ಮ್ಯಾಥ್ಯೂಸ್ ಅವರ ಹೆಸರನ್ನೇ ಅದಕ್ಕಿಟ್ಟರು. ಮುಂದೆ ಅದು ವಾಣಿಜ್ಯ ತಂತ್ರಾಂಶವಾಯಿತು. ಈಗ ಅದನ್ನು ಬೆಳೆಸುತ್ತಿರುವ ಸೈಕ್ಲಿಂಗ್ 74 ಕಂಪನಿಯನ್ನು 2017ರಲ್ಲಿ ಏಬಲ್‌ಟನ್ ಎಂಬ ಇನ್ನೊಂದು ಸಂಗೀತ ತಂತ್ರಾಂಶ ಕಂಪನಿ ಕೊಂಡುಕೊಂಡಿತು. ಪಕೆಟ್ ಮಾತ್ರ 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕುಳಿತು ಅದೇ ವಿಚಾರವನ್ನು ಹೊಸದಾಗಿ ಬರೆದು, ಮೂಲ ಸಂಕೇತದ ಸಮೇತ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಅದೇ ಪ್ಯೂರ್ ಡೇಟಾ. ವಿಸಿವಿ ರ‍್ಯಾಕ್ ಬೇರೆ ವಂಶದ್ದು. 2017ರಲ್ಲಿ ಆಂಡ್ರ್ಯೂ ಬೆಲ್ಟ್ ಹೊರತಂದ ಇದು, ಯೂರೋರ‍್ಯಾಕ್ ಎಂಬ ನಿಜವಾದ ಸಿಂಥಸೈಜರ್ ಪೆಟ್ಟಿಗೆಗಳನ್ನು ತಿರುಗಣಿ, ತೂತು, ಬಣ್ಣದ ತಂತಿಗಳ ಸಮೇತ ಪರದೆಗೆ ತಂದಿದೆ.

ಮೊದಲು ಶ್ರುತಿಯ ಮಾತು. ಹಾರ್ಮೋನಿಯಂನವರು 'ಬಿಳಿ ಎರಡು' ಎನ್ನುವ ಶ್ರುತಿಯನ್ನು ತೆಗೆದುಕೊಂಡೆ. ಮಂದ್ರದ ಕಡೆ ಅದರ ಷಡ್ಜ 146.83 ಹರ್ಟ್ಸ್. ಪ್ಯೂರ್ ಡೇಟಾದಲ್ಲಿ ಹೊಸ ಕಡತ ತೆರೆದರೆ ಬರಿಯ ಬಿಳಿ ಹಾಳೆ. ಕಂಟ್ರೋಲ್ ಮತ್ತು 1 ಒತ್ತಿದರೆ ಒಂದು ಚೌಕ ಬರುತ್ತದೆ. ಅದರೊಳಗೆ 'ಫೇಸರ್~' (phasor~) ಎಂದು ಇಂಗ್ಲಿಷಿನಲ್ಲಿ ಬರೆದು ಪಕ್ಕದಲ್ಲಿ ಸಂಖ್ಯೆ ಹಾಕಿದರೆ ಗರಗಸದ ಹಲ್ಲಿನಂಥ ಅಲೆ ಸಿದ್ಧ. ಆ ಅಲೆ ಮಾಡುವ ಕಡಿಮೆ ಗುಂಯ್‌ಗುಡುವಿಕೆ ತಂಬೂರಿಗೆ ಹತ್ತಿರವಲ್ಲದಿದ್ದರೂ, ಶ್ರುತಿ ಸೇರಿದೆಯೇ ಇಲ್ಲವೇ ಎಂದು ಕೇಳಿಸಿಕೊಳ್ಳಲು ಬೇಕಾದ ಸ್ವಯಂಭೂ ಸ್ವರಗಳೆಲ್ಲ (ಮೂಲ ಸ್ವರದ ಎರಡು, ಮೂರು ಪಟ್ಟಿನಲ್ಲಿ ತಾವಾಗಿ ಕೇಳಿಬರುವ ಸ್ವರಗಳು) ಅದರಲ್ಲಿವೆ. ಪಂಚಮಕ್ಕೆ ಅದೇ ಸಂಖ್ಯೆಯನ್ನು 1.5ರಿಂದ ಗುಣಿಸುವ ಒಂದು ಚೌಕ ಸಾಕು, 220.245 ಬರುತ್ತದೆ. ಇಲ್ಲಿ ಯಾವ ಸಪ್ತಕವನ್ನೂ ತಂತ್ರಾಂಶ ಮುಂದಾಗಿ ತೀರ್ಮಾನಿಸಿಲ್ಲ. ಷಡ್ಜದ ಸಂಖ್ಯೆ ಬದಲಿಸಿದರೆ ಪಂಚಮ ತಾನಾಗಿ ಹಿಂದೆ ಬರುತ್ತದೆ, ಹಾಡುವವರ ಕಂಠಕ್ಕೆ ತಕ್ಕಂತೆ ಏರಿಸಿ ಇಳಿಸಿ ಹೊಂದಿಸಬಹುದು.

ಸಪ್ತಕವನ್ನು ಹನ್ನೆರಡು ಸಮಭಾಗ ಮಾಡುವ ಸಂಗೀತದ ಕೀಬೋರ್ಡಿನ ಪಂಚಮ ಸರಿಯಾಗಿ 220 ಹರ್ಟ್ಸ್. ವ್ಯತ್ಯಾಸ ಕಾಲು ಹರ್ಟ್ಸ್ ಮಾತ್ರ. ಆದರೂ ಕಿವಿ ಅದನ್ನು ಬಿಡುವುದಿಲ್ಲ. ಷಡ್ಜದ ಮೂರು ಪಟ್ಟು 440.49, ಈ ಪಂಚಮದ ಎರಡು ಪಟ್ಟು 440. ಇವೆರಡೂ ತಿಕ್ಕಾಡಿ ಸುಮಾರು ಎರಡು ಸೆಕೆಂಡಿಗೊಮ್ಮೆ ನಾದ ಉಬ್ಬಿ ಇಳಿಯುತ್ತದೆ. ಅಂತರ ಗಾಂಧಾರಕ್ಕೆ ಬಂದರೆ ವ್ಯತ್ಯಾಸ ಇನ್ನೂ ಹೆಚ್ಚು. ಷಡ್ಜವನ್ನು 1.25ರಿಂದ ಗುಣಿಸಿದರೆ 183.54, ಕೀಬೋರ್ಡಿನದು 185. ಅಲ್ಲಿ ಸೆಕೆಂಡಿಗೆ ಆರರಷ್ಟು ತುಯ್ತ. ಪ್ಯೂರ್ ಡೇಟಾದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಬದಲಿಸಿ ಕೇಳಿದರೆ, ಸಂಗೀತದ ಮೇಷ್ಟ್ರು 'ಹಾರ್ಮೋನಿಯಂ ನೆಚ್ಚಿ ಹಾಡಬೇಡ' ಎಂದು ಏಕೆ ಗದರುತ್ತಾರೆ ಎಂಬುದು ತಕ್ಷಣ ಅರ್ಥವಾಗುತ್ತದೆ.

ಮ್ಯಾಕ್ಸ್‌ನಲ್ಲಿಯೂ ಇದು ಹೀಗೆಯೇ, ಚೌಕಗಳ ಹೆಸರು ಅಲ್ಲಲ್ಲಿ ಬೇರೆ. ಅದರ 'ಸಾ~' (saw~) ಎಂಬ ಗರಗಸ ಅಲೆ ಪ್ಯೂರ್ ಡೇಟಾದ ಫೇಸರ್‌ಗಿಂತ ನುಣುಪು, ಏರು ಸ್ವರಗಳಲ್ಲಿ ಬೇಡದ ಕರ್ಕಶ ಬೆರೆಯುವುದಿಲ್ಲ.

ವಿಸಿವಿ ರ‍್ಯಾಕ್‌ನಲ್ಲಿ ಸಂಖ್ಯೆಗಳ ಬದಲು ವೋಲ್ಟೇಜಿನ ಲೆಕ್ಕ. ಒಂದು ವೋಲ್ಟ್ ಏರಿದರೆ ಒಂದು ಸಪ್ತಕ ಏರುತ್ತದೆ. ಶುದ್ಧ ಪಂಚಮಕ್ಕೆ 0.585 ವೋಲ್ಟ್, ಕೀಬೋರ್ಡಿನ ಪಂಚಮಕ್ಕೆ 0.583. ಸ್ವರಗಳನ್ನು ಸರಿಪಡಿಸಿ ಕೊಡಲೆಂದು ಜೊತೆಗೇ ಬರುವ ಕ್ವಾಂಟೈಸರ್ ಮಾಡ್ಯೂಲ್ (ಇಲ್ಲಿನ ಒಂದೊಂದು ಪೆಟ್ಟಿಗೆಯೂ ಒಂದು ಮಾಡ್ಯೂಲ್) ಎಲ್ಲವನ್ನೂ ಹನ್ನೆರಡು ಸಮಭಾಗಗಳಿಗೇ ಎಳೆದು ನಿಲ್ಲಿಸುತ್ತದೆ. ಅದನ್ನು ದೂರವಿಟ್ಟು, ನಾದ ಹುಟ್ಟಿಸುವ ಮಾಡ್ಯೂಲಿನ ತಿರುಗಣಿಯ ಮೇಲೆ ಮೌಸಿನ ಬಲ ಗುಂಡಿ ಒತ್ತಿ ಬೇಕಾದ ಹರ್ಟ್ಸ್ ಬರೆದರೆ ಶುದ್ಧ ಪಂಚಮ ಸಿಗುತ್ತದೆ. ಆದರೆ ಷಡ್ಜ ಬದಲಾಯಿಸಿದಾಗಲೆಲ್ಲ ಪಂಚಮವನ್ನೂ ಕೈಯಾರೆ ಬರೆಯಬೇಕು, ಇಲ್ಲವೇ 0.585 ವೋಲ್ಟ್ ಸದಾ ಕೊಡುವ ಇನ್ನೊಂದು ಮಾಡ್ಯೂಲನ್ನು ನಡುವೆ ಜೋಡಿಸಬೇಕು. ಹೊಸಬರಿಗೆ ಇದು ಸುತ್ತುದಾರಿ.

ಹಾಗೆಂದು ವಿಸಿವಿಯನ್ನು ಬದಿಗೆ ಸರಿಸುವಂತಿಲ್ಲ. ಅದು ಕೊಟ್ಟ ಒಂದು ನೋಟವನ್ನು ಉಳಿದೆರಡು ಇಷ್ಟು ಸಲೀಸಾಗಿ ಕೊಡಲಿಲ್ಲ. ಪದವಿ ಓದುತ್ತಾ ಕರ್ನಾಟಕ ಸಂಗೀತ ಕಲಿಯುತ್ತಿರುವ ನನ್ನ ತಮ್ಮನ ಮಗಳ ಮುಂದೆ ಲ್ಯಾಪ್‌ಟಾಪ್ ಇಟ್ಟೆ. ಯಾರ ಸಹಾಯವೂ ಇಲ್ಲದೆ ಮೊದಲು ನಾದ ಹೊರಡಿಸಿದ್ದು ಅವಳು ವಿಸಿವಿಯಲ್ಲೇ. ಷಡ್ಜ, ಪಂಚಮ ಎರಡನ್ನೂ ಸರಳ ಸೈನ್ ಅಲೆಗಳಾಗಿ ಸ್ಕೋಪ್ ಎಂಬ ಮಾಡ್ಯೂಲಿಗೆ ಸೇರಿಸಿ, ಒಂದನ್ನು ಅಡ್ಡಕ್ಕೆ, ಇನ್ನೊಂದನ್ನು ಉದ್ದಕ್ಕೆ ತೋರಿಸುವಂತೆ ಗುಂಡಿ ಒತ್ತಿದಳು. ಪರದೆಯಲ್ಲಿ ರಂಗೋಲಿಯ ಎಳೆಯಂತೆ ಹೆಣೆದುಕೊಂಡ ಒಂದು ಗೆರೆ ಮೂಡಿತು. ಪಂಚಮ 220 ಇದ್ದಾಗ ಆ ಹೆಣಿಗೆ ಮೆಲ್ಲಗೆ ಹೊರಳುತ್ತಲೇ ಇತ್ತು. 220.245 ಎಂದು ಬರೆದೊಡನೆ ನಿಂತಿತು. 'ದೊಡ್ಡಪ್ಪ, ಶ್ರುತಿ ಸೇರುವುದು ಕಣ್ಣಿಗೂ ಕಾಣುತ್ತದಲ್ಲ!' ಎಂದಳು. ಮ್ಯಾಕ್ಸ್‌ನಲ್ಲಿಯೂ ಇಂಥ ಸ್ಕೋಪ್ ಇದೆ. ಪ್ಯೂರ್ ಡೇಟಾದ ಮೂಲರೂಪದಲ್ಲಿ ಇದನ್ನು ನಾವೇ ಕಟ್ಟಿಕೊಳ್ಳಬೇಕು.

ಇನ್ನು ತಾಳ. ಮಿಶ್ರಛಾಪು ಮೂರು, ಎರಡು, ಎರಡು ಎಂದು ನಡೆಯುವುದರಿಂದ ಸೊನ್ನೆಯಿಂದ ಆರರವರೆಗೆ ಎಣಿಸುತ್ತಾ ಹೋದರೆ ಪೆಟ್ಟು ಬೀಳಬೇಕಾದದ್ದು 0, 3, 5ರ ಮೇಲೆ. ಮ್ಯಾಕ್ಸ್‌ನಲ್ಲಿ ಮೆಟ್ರೋ ಎಂಬ ಚೌಕ ಲಯ ಹಿಡಿಯುತ್ತದೆ, ಕೌಂಟರ್ ಎಂಬುದು ಎಣಿಸುತ್ತದೆ, ಸೆಲೆಕ್ಟ್ ಎಂಬುದು 0, 3, 5 ಬಂದಾಗ ಬೇರೆ ಬೇರೆ ಬಾಗಿಲಿನಿಂದ ಸಂದೇಶ ಕಳಿಸುತ್ತದೆ. ಮೂರು ಚೌಕಕ್ಕೆ ತಾಳ ಮುಗಿಯಿತು. ಪ್ಯೂರ್ ಡೇಟಾದ ಮೂಲರೂಪದಲ್ಲಿ ಕೌಂಟರ್ ಇಲ್ಲ. ಒಂದು ಸಂಖ್ಯೆಯನ್ನು ಹಿಡಿದಿಡುವ ಚೌಕ, ಅದಕ್ಕೆ ಒಂದು ಕೂಡಿಸುವ ಚೌಕ, ಏಳರಿಂದ ಭಾಗಿಸಿ ಶೇಷ ಕೊಡುವ ಚೌಕ, ಆ ಶೇಷವನ್ನು ಮತ್ತೆ ಮೊದಲ ಚೌಕದ ಬಲ ಬಾಗಿಲಿಗೆ ಹಿಂದಿರುಗಿಸುವ ತಂತಿ. ಮೊದಲ ಸಲ ಇದು ಬೇಸರ ತರಿಸುತ್ತದೆ ನಿಜ. ಆದರೆ ಒಮ್ಮೆ ಕಟ್ಟಿದ ಮೇಲೆ ಏಳನ್ನು ಐದು ಮಾಡಿ ಖಂಡಛಾಪಿಗೆ ಹೋಗುವುದು, ನಡೆಯುತ್ತಿರುವಾಗಲೇ ಎಣಿಕೆ ಬದಲಿಸುವುದು ಎಲ್ಲ ನಮ್ಮ ಕೈಯಲ್ಲಿರುತ್ತದೆ, ಏಕೆಂದರೆ ಒಳಗೆ ಏನು ನಡೆಯುತ್ತಿದೆ ಎಂಬುದು ಗೊತ್ತಿರುತ್ತದೆ. ಹೆಜ್ಜೆಗಳನ್ನು ಒಂದಾದ ಮೇಲೊಂದು ನಡೆಸುವ ವಿಸಿವಿಯ ಸೀಕ್ವೆನ್ಸರ್ ಎಂಟು ಹೆಜ್ಜೆಯದು. ಒಂದು ತಿರುಗಣಿಯನ್ನು ಏಳಕ್ಕೆ ತಂದರೆ ಆಯಿತು. ಎಂಟಕ್ಕಿಂತ ದೊಡ್ಡ ತಾಳಗಳಿಗೆ ಬೇರೆ ಮಾಡ್ಯೂಲ್ ಹುಡುಕಬೇಕು.

ಮ್ಯಾಕ್ಸ್‌ಗೂ ಪ್ಯೂರ್ ಡೇಟಾಗೂ ನಡುವೆ ಕಣ್ಣಿಗೆ ಕಾಣದ ಒಂದು ವ್ಯತ್ಯಾಸವಿದೆ. ಇದನ್ನು ಮೊದಲ ದಿನವೇ ತಿಳಿದಿರಬೇಕು. ಒಂದೇ ಬಾಗಿಲಿನಿಂದ ಎರಡು ತಂತಿ ಹೊರಟರೆ ಯಾವುದಕ್ಕೆ ಸಂದೇಶ ಮೊದಲು? ಮ್ಯಾಕ್ಸ್‌ನಲ್ಲಿ ಪರದೆಯ ಬಲಗಡೆ ಇರುವ ಚೌಕಕ್ಕೆ. ಪ್ಯೂರ್ ಡೇಟಾದಲ್ಲಿ ಯಾವ ತಂತಿಯನ್ನು ಮೊದಲು ಎಳೆದಿದ್ದೇವೋ ಅದಕ್ಕೆ. ನೋಡಲು ಒಂದೇ ರೀತಿಯ ಎರಡು ಪ್ಯಾಚ್‌ಗಳು (ಚೌಕ, ತಂತಿಗಳ ಜೋಡಣೆಗಳು) ಇದರಿಂದಾಗಿ ಬೇರೆ ಬೇರೆ ನುಡಿಯಬಹುದು. ಎರಡರಲ್ಲೂ ಇರುವ ಟ್ರಿಗರ್ ಎಂಬ ಚೌಕವನ್ನು ನಡುವೆ ಇಟ್ಟರೆ ಸರದಿ ಯಾವಾಗಲೂ ಬಲದಿಂದ ಎಡಕ್ಕೆ ಎಂದು ಖಚಿತವಾಗುತ್ತದೆ. ಕವಲೊಡೆಯುವ ಪ್ರತಿ ಸಂದೇಶಕ್ಕೂ ಟ್ರಿಗರ್ ಹಾಕುವ ರೂಢಿ ಬೆಳೆಸಿಕೊಳ್ಳಿ.

ಹೊಲಿಗೆ ಯಂತ್ರದ ಸದ್ದನ್ನು ಒಳತರುವಲ್ಲಿ ಮ್ಯಾಕ್ಸ್ ಸುಲಭ. ಕಡತವನ್ನು ಎಳೆದು ತಂದು ಹಾಳೆಯ ಮೇಲೆ ಬಿಟ್ಟರೆ ನುಡಿಸಲು ಸಿದ್ಧ. ಪ್ಯೂರ್ ಡೇಟಾ ಮೊಬೈಲಿನ ಎಂ4ಎ ಕಡತವನ್ನು ಹಾಗೆಯೇ ಓದುವುದಿಲ್ಲ. ವೇವ್ ರೂಪಕ್ಕೆ ಬದಲಿಸಿಕೊಂಡು, ಸೌಂಡ್‌ಫೈಲರ್ ಮೂಲಕ ಒಂದು ಪಟ್ಟಿಗೆ ತುಂಬಬೇಕು. ವಿಸಿವಿಯ ಮೂಲ ಮಾಡ್ಯೂಲುಗಳಲ್ಲಿ ರೆಕಾರ್ಡಿಂಗ್ ನುಡಿಸುವಂಥದ್ದಿಲ್ಲ, ಅದರ ಲೈಬ್ರರಿಯಲ್ಲಿ ಖಾತೆ ತೆರೆದು ಇಳಿಸಿಕೊಳ್ಳಬೇಕು. ಅಲ್ಲಿ ಉಚಿತ ಮಾಡ್ಯೂಲುಗಳು ಬೇಕಾದಷ್ಟಿವೆ. ಹೊಸಬರು ನಾದ ಮಾಡುವುದನ್ನು ಬಿಟ್ಟು ಮಾಡ್ಯೂಲ್ ಸಂಗ್ರಹಕ್ಕೇ ಇಳಿಯುವ ಅಪಾಯವೂ ಅಷ್ಟೇ ಇದೆ.

ನಾನು ಸಮಕ್ಕೆ ಯಂತ್ರದ ಪಾದ ಬಟ್ಟೆಯ ಮೇಲೆ ಬೀಳುವ 'ಠಕ್' ಇಟ್ಟೆ, ಉಳಿದೆರಡು ಪೆಟ್ಟಿಗೆ ದಪ್ಪ ಡೆನಿಮ್ಮಿನಲ್ಲಿ ಸೂಜಿ ಇಳಿಯುವ ಸದ್ದು. ಘಟಕದ ಟೇಲರ್ ಒಬ್ಬರಿಗೆ ಕೇಳಿಸಿದೆ. ಸ್ವಲ್ಪ ಹೊತ್ತು ಆಲಿಸಿ, 'ಸರ್, ಮಷೀನು ಇಷ್ಟು ನಿಧಾನಕ್ಕೆ ಓಡಿದರೆ ನಮಗೆ ದಿನಕ್ಕೆ ಎಷ್ಟು ಪೀಸ್ ಆದೀತು?' ಎಂದರು. ಲಯ ಏರಿಸಿದೆ. ಅವರ ಕಾಲು ತಾನಾಗಿ ಏಳರ ಎಣಿಕೆ ಹಿಡಿಯಿತು. ಪೀಸ್ ಲೆಕ್ಕದಲ್ಲಿ ದುಡಿಯುವವರಿಗೆ ಆ ಯಂತ್ರದ ವೇಗ ಹೊಟ್ಟೆಪಾಡಿನ ಮಾತು. ಅವರ ಪ್ರಶ್ನೆಯ ನಂತರವೇ ಆ ತಾಳದ ನಡೆ ಎಷ್ಟಿರಬೇಕೆಂದು ನನಗೆ ಹೊಳೆದದ್ದು.

ಲ್ಯಾಪ್‌ಟಾಪಿನ ಹೊರೆಯ ವಿಚಾರದಲ್ಲಿ ಮೂರಕ್ಕೂ ಹೋಲಿಕೆಯೇ ಇಲ್ಲ. ನನ್ನದಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನದಲ್ಲಿ ವಿಸಿವಿ ತೆರೆದು ಹತ್ತಾರು ಮಾಡ್ಯೂಲ್ ಇಟ್ಟರೆ ಫ್ಯಾನ್ ಒಂದೇ ಸಮನೆ ಕೂಗುತ್ತದೆ, ನಾದ ಚಿಟಿಚಿಟಿ ಒಡೆಯುತ್ತದೆ. ಎಫ್3 ಒತ್ತಿದರೆ ಯಾವ ಮಾಡ್ಯೂಲ್ ಎಷ್ಟು ತಿನ್ನುತ್ತಿದೆ ಎಂದು ಕಾಣುತ್ತದೆ. ಕಾರಣವೂ ಇದೆ. ವಿಸಿವಿ ನಾದದ ಒಂದೊಂದು ಮಾದರಿಯನ್ನೂ (ಸ್ಯಾಂಪಲ್, ಅಂದರೆ ನಾದದ ಅತಿ ಸಣ್ಣ ತುಣುಕು) ಬಿಡಿಬಿಡಿಯಾಗಿ ಲೆಕ್ಕ ಹಾಕುತ್ತದೆ. ಪ್ಯೂರ್ ಡೇಟಾ ಸಾಮಾನ್ಯವಾಗಿ 64ರ ಕಟ್ಟು ಕಟ್ಟಿ ಒಟ್ಟಿಗೆ ಮುಗಿಸುತ್ತದೆ. ಬಿಡಿ ಲೆಕ್ಕಕ್ಕೆ ಅದರದೇ ಫಲವಿದೆ: ನಾದವನ್ನು ಹಿಂದಕ್ಕೆ ಸುತ್ತಿಸಿ ಅದರೊಳಗೇ ಬೆರೆಸುವ ಆಟಗಳು ವಿಸಿವಿಯಲ್ಲಿ ಚುರುಕಾಗಿ ಬರುತ್ತವೆ. ಪ್ಯೂರ್ ಡೇಟಾದಲ್ಲಿ ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ ಆ ಸುತ್ತಿಗೆ ಕನಿಷ್ಠ ಸುಮಾರು ಒಂದೂವರೆ ಮಿಲಿಸೆಕೆಂಡ್ ತಡ. ನಮ್ಮ ಶ್ರುತಿ–ತಾಳದ ಕೆಲಸಕ್ಕೆ ಅದು ತೊಡಕಲ್ಲ.

ಕಲಿಸುವುದರಲ್ಲಿ ಮ್ಯಾಕ್ಸ್ ಮೇಲುಗೈ ಎಂಬುದನ್ನು ಮನಸಾರೆ ಹೇಳುತ್ತೇನೆ. ಅದರೊಳಗಿನ ಪಾಠಗಳು ಅಚ್ಚುಕಟ್ಟು, ಸಹಾಯದ ಪುಟಗಳೇ ನುಡಿಯುವ ಪ್ಯಾಚ್‌ಗಳು. ಕಟ್ಟಿದ್ದನ್ನು ವೇದಿಕೆಗೆ ಒಯ್ಯುವಾಗ ತಂತಿಗಳನ್ನೆಲ್ಲ ಮರೆಮಾಡಿ ಗುಂಡಿಗಳನ್ನಷ್ಟೇ ತೋರಿಸುವ ವ್ಯವಸ್ಥೆಯೂ ಇದೆ. ಆದರೆ ಪ್ರಯೋಗಕ್ಕೆ ಕೊಡುವ 30 ದಿನ ಮುಗಿದ ಮೇಲೆ ಪ್ಯಾಚ್ ತೆರೆಯಬಹುದು, ನುಡಿಸಬಹುದು, ಉಳಿಸಿಡಲಾಗದು. ಲಿನಕ್ಸ್‌ನಲ್ಲಿ ಅದು ನಡೆಯುವುದೂ ಇಲ್ಲ. ಡಾಲರ್ ಲೆಕ್ಕದ ಬೆಲೆಯನ್ನು ಇದರಿಂದಲೇ ಸಂಪಾದನೆ ಮಾಡುವವರು ಕೊಡಲಿ, ಕೊಟ್ಟ ಹಣಕ್ಕೆ ಮೋಸವಿಲ್ಲ. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಿಗೆ ಅದನ್ನು ಮೊದಲ ಮೆಟ್ಟಿಲಾಗಿ ತೋರಿಸಲು ನನಗೆ ಮನಸ್ಸು ಬರುವುದಿಲ್ಲ. ವಿಸಿವಿಯ ಉಚಿತ ಆವೃತ್ತಿಗೆ ಕಾಲದ ಮಿತಿಯಿಲ್ಲ. ಅದನ್ನು ಬೇರೆ ರೆಕಾರ್ಡಿಂಗ್ ತಂತ್ರಾಂಶದೊಳಗೆ ಪ್ಲಗಿನ್ ಆಗಿ ಕೂರಿಸಲು ಮಾತ್ರ ಹಣ ಕೊಟ್ಟ ಆವೃತ್ತಿ ಬೇಕು.

ಹಾಗಾಗಿ ನನ್ನ ಆಯ್ಕೆ ಪ್ಯೂರ್ ಡೇಟಾ. ನಾದ ಹೇಗೆ ಹುಟ್ಟುತ್ತದೆ ಎಂಬುದನ್ನೇ ತಿಳಿಯಬೇಕೆನ್ನುವವರು, ಶ್ರುತಿ ತಾಳಗಳ ತಿಳಿವಳಿಕೆ ಇದ್ದು ಕೈಯಲ್ಲಿ ಸಾಧಾರಣ ಲ್ಯಾಪ್‌ಟಾಪ್ ಇರುವವರು ಬೇರೆಡೆ ಅಲೆಯದೆ ಇದನ್ನೇ ಹಿಡಿಯಿರಿ. ಅದರ ಕಡತ ಬರಿಯ ಪಠ್ಯ, ನನ್ನ ಇಡೀ ಮಿಶ್ರಛಾಪಿನ ಪ್ಯಾಚ್ ಕೆಲವೇ ಕೆಬಿ. ರಾಯಚೂರಿನ ಗೆಳೆಯನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ, ಅವನು ಲಿನಕ್ಸ್‌ನಲ್ಲಿ ತೆರೆದು ತಾಳ ಬದಲಿಸಿ ಮರಳಿ ಕಳಿಸಿದ. ಅದರ ಬೋಳು ಮುಖ ಹಿಡಿಸದವರಿಗೆ ಪ್ಲಗ್‌ಡೇಟಾ ಇದೆ. ಒಳಗಿರುವುದು ಪ್ಯೂರ್ ಡೇಟಾವೇ, ಹೊರಗಿನ ರೂಪ ಹೊಸದು. ಸ್ಕೋಪ್ ಕೂಡ ಸಿದ್ಧವಾಗಿ ಸಿಗುತ್ತದೆ, ಪ್ಲಗಿನ್ ಆಗಿಯೂ ಉಚಿತವಾಗಿ ನಡೆಯುತ್ತದೆ. ಅದರಲ್ಲಿ ಹೆಚ್ಚುವರಿಯಾಗಿ ಬರುವ ಎಲ್ಸ್, ಸೈಕ್ಲೋನ್ ಸಂಗ್ರಹಗಳ ಚೌಕಗಳನ್ನು ಬಳಸಿದರೆ, ಮೂಲ ಪ್ಯೂರ್ ಡೇಟಾದಲ್ಲಿ ತೆರೆಯುವವರೂ ಆ ಸಂಗ್ರಹಗಳನ್ನು ಹಾಕಿಕೊಂಡಿರಬೇಕು ಎಂಬುದು ನೆನಪಿರಲಿ.

ಶುರು ಮಾಡುವ ದಿನ ಮೀಡಿಯಾ ಪಟ್ಟಿಯಲ್ಲಿರುವ ಪರೀಕ್ಷಾ ಪ್ಯಾಚ್ ತೆರೆದು ಸ್ಪೀಕರಿನಿಂದ ನಾದ ಬರುತ್ತಿದೆಯೇ ನೋಡಿಕೊಳ್ಳಿ. ನಾದ ಒಡೆಯುತ್ತಿದ್ದರೆ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಡಿಲೇ ಸಂಖ್ಯೆಯನ್ನು ಸ್ವಲ್ಪ ಏರಿಸಿ. ಸ್ಪೀಕರಿಗೆ ನಾದ ಕಳಿಸುವ ಡ್ಯಾಕ್~ ಚೌಕಕ್ಕೆ ಯಾವುದನ್ನೂ ನೇರವಾಗಿ ಜೋಡಿಸಬೇಡಿ, ನಡುವೆ 0.1ರಿಂದ ಗುಣಿಸುವ ಚೌಕ ಇರಲೇಬೇಕು. ಈ ತಂತ್ರಾಂಶ ನೀವು ಬರೆದ ಸಂಖ್ಯೆಯನ್ನು ಪ್ರಶ್ನಿಸುವುದಿಲ್ಲ, ಒಂದು ಸೊನ್ನೆ ಹೆಚ್ಚು ಬಿದ್ದರೂ ಪೂರ್ತಿ ಅಬ್ಬರದಿಂದ ನುಡಿಸಿಬಿಡುತ್ತದೆ. ಮೊದಲ ಕೆಲವು ಪ್ಯಾಚ್‌ಗಳನ್ನು ಹೆಡ್‌ಫೋನ್ ಹಾಕಿಕೊಳ್ಳದೆ ಸ್ಪೀಕರಿನಲ್ಲೇ ಸಣ್ಣ ದನಿಯಲ್ಲಿ ಕೇಳಿ.