ಸ್ಟೈರೀನ್ ದರದ ಮೇಲೆ ಕಣ್ಣಿಡಲು: ಡೀಲರ್ ವಾಟ್ಸ್‌ಆ್ಯಪ್, ಚಂದಾ ವರದಿ, ಡಾಲಿಯನ್ ಪರದೆ

ಚೀನಾದ ಡಾಲಿಯನ್ ಎಕ್ಸ್‌ಚೇಂಜಿನ ಫ್ಯೂಚರ್ಸ್ ದರ (ಮುಂದಿನ ತಿಂಗಳುಗಳ ಮಾಲಿಗೆ ಇವತ್ತೇ ಕುದುರುವ ದರ), ಅದರ ಪಕ್ಕದಲ್ಲಿ ಗುಜರಾತಿನ ಕಾಂಡ್ಲಾ ಬಂದರಿನ ಹಡಗು ಪಟ್ಟಿ. ಪೀಣ್ಯ, ಜಿಗಣಿ, ಬೊಮ್ಮಸಂದ್ರದ ಕಡೆ ರೆಸಿನ್ನಿನ ಕಚ್ಚಾಮಾಲಾದ ಸ್ಟೈರೀನ್ ದ್ರವವನ್ನು ತಿಂಗಳಿಗೆ ಒಂದೆರಡು ಟ್ಯಾಂಕರ್ ತರಿಸುವ ಘಟಕಕ್ಕೆ ಇವೆರಡು ಸಾಕು, ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಡೀಲರ್ ಕಳಿಸುವ ದರ ಮತ್ತು ಚಂದಾ ಕಟ್ಟಿ ತರಿಸುವ ವರದಿ ಎರಡನ್ನೂ ಇದರ ಜೊತೆಗಿಟ್ಟು ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಅಗ್ಗವಿದ್ದಾಗ ತುಂಬಿಸಿಟ್ಟುಕೊಂಡರಾಯಿತಲ್ಲ ಎನ್ನುವವರಿದ್ದಾರೆ. ಸ್ಟೈರೀನ್ ಹಾಗೆ ಕೂಡಿಡುವ ಸರಕಲ್ಲ. ತಾನಾಗಿಯೇ ಪಾಲಿಮರ್ ಆಗದಂತೆ ತಡೆಯಲು ಅದರಲ್ಲಿ ಸಾಮಾನ್ಯವಾಗಿ 10ರಿಂದ 15 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಪಾಲು) ಟಿಬಿಸಿ ಎಂಬ ತಡೆ ರಾಸಾಯನಿಕ ಹಾಕಿರುತ್ತಾರೆ. ಬಿಸಿಲು ಏರಿದಷ್ಟೂ ಅದು ಬೇಗ ಖಾಲಿಯಾಗುತ್ತದೆ. ದ್ರವದಲ್ಲಿ ಒಂದಿಷ್ಟು ಆಮ್ಲಜನಕ ಕರಗಿರದಿದ್ದರೆ ಕೆಲಸವನ್ನೇ ಮಾಡುವುದಿಲ್ಲ. ಹಾಗಾಗಿ ಟ್ಯಾಂಕಿಗೆ ಬರೀ ನೈಟ್ರೋಜನ್ ತುಂಬುವುದೂ ಅಪಾಯ. ಲಾಕ್‌ಡೌನಿನಲ್ಲಿ ನಿಂತೇ ಇದ್ದ ಟ್ಯಾಂಕ್ ಬಿಸಿಯೇರಿ 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಸ್ಟೈರೀನ್ ಆವಿ ಸೋರಿ ಜನ ಸತ್ತದ್ದು ಎಲ್ಲರಿಗೂ ಗೊತ್ತು. ಬೇಕಾದಷ್ಟೇ ತರಿಸಬೇಕು. ಆದ್ದರಿಂದ ಯಾವಾಗ ತರಿಸುತ್ತೇವೆ ಎಂಬುದರಲ್ಲೇ ಲಾಭನಷ್ಟವಿದೆ.

ಮೊದಲು ಡೀಲರ್. ಬೆಳಿಗ್ಗೆ ಬರುವ ಎಕ್ಸ್ ಕಾಂಡ್ಲಾ ರೇಟು (ಸಾಗಣೆ ಬಿಟ್ಟು ಕಾಂಡ್ಲಾದಲ್ಲಿನ ದರ) ಅಂದಿನ ಮಟ್ಟಿಗೆ ನಿಜವಾದ ದರವೇ, ಆ ದರಕ್ಕೆ ಮಾಲು ಸಿಗುತ್ತದೆ. ಶೇ 18 ಜಿಎಸ್‌ಟಿ ಸೇರಿದೆಯೋ ಇಲ್ಲವೋ, ನಗದಿಗೋ 30 ದಿನದ ಉದ್ದರಿಗೋ ಎಂದು ಕೇಳಿಕೊಂಡರೆ ಸಾಕು. ತೊಂದರೆ ಇರುವುದು ಕಾರಣದಲ್ಲಿ. ಕೆಜಿಗೆ ಮೂರು ರೂಪಾಯಿ ಏರಿದಾಗ ‘ಮಾಲಿಲ್ಲ ಸಾರ್, ಶಾರ್ಟೇಜು’ ಎಂಬ ಒಂದೇ ಉತ್ತರ. ಸ್ಟೈರೀನಿನ ಕಚ್ಚಾಮಾಲಾದ ಬೆಂಜೀನ್ ಏರಿತೋ, ಹಡಗು ತಡವಾಯಿತೋ, ಯಾವುದೋ ಘಟಕ ನಿಂತಿತೋ ತಿಳಿಯುವುದಿಲ್ಲ. ಹಡಗು ತಡವಾಗಿದ್ದರೆ ಒಂದು ವಾರ ಕಾಯಬಹುದು. ಘಟಕ ನಿಂತಿದ್ದರೆ ಇವತ್ತೇ ಬುಕ್ ಮಾಡಬೇಕು.

ಚಂದಾ ವರದಿಗಳು ಆ ಕಾರಣವನ್ನು ಚೊಕ್ಕವಾಗಿ ಹೇಳುತ್ತವೆ. ಐಸಿಐಎಸ್, ಆರ್ಗಸ್, ಪ್ಲ್ಯಾಟ್ಸ್ ಈ ಕೆಲಸದಲ್ಲಿ ಹೆಸರಾದವು. ದೊಡ್ಡ ಒಪ್ಪಂದಗಳ ದರ ಇವುಗಳ ಅಂಕಿಗೇ ಕಟ್ಟಿಕೊಂಡಿರುತ್ತದೆ. ಸಣ್ಣ ಘಟಕದ ಕೈಗೆಟುಕುವ ಚಂದಾ ಅಲ್ಲ. ಅದೂ ಅಲ್ಲದೆ, ವರದಿಯಲ್ಲಿ ಬರುವ ನಿಲುಗಡೆಗಳಲ್ಲಿ ನಮಗೆ ತಟ್ಟುವುದು ಕೆಲವೇ. ಕೆನಡಾದ ಸಾರ್ನಿಯಾದಲ್ಲಿ ಇನಿಯೋಸ್ ಸ್ಟೈರೊಲ್ಯೂಷನ್ ಘಟಕ 2024ರಲ್ಲಿ ನಿಂತಿತು. ಅದರ ಮಾಲು ಕಾಂಡ್ಲಾ ಕಡೆಗೆ ಬರುವಂಥದ್ದಲ್ಲ. ನೆದರ್ಲೆಂಡ್ಸ್‌ನ ಮಾಸ್‌ವ್ಲಾಕ್ಟೆ ಘಟಕವನ್ನು ಶಾಶ್ವತವಾಗಿ ಮುಚ್ಚುವುದಾಗಿ ಅದರ ಒಡೆಯರು 2025ರ ಮಾರ್ಚ್‌ನಲ್ಲಿ ಹೇಳಿದರು. ಅಲ್ಲಿ ಪ್ರೊಪಿಲೀನ್ ಆಕ್ಸೈಡ್ ಜೊತೆ ಸ್ಟೈರೀನ್ ಬರುತ್ತಿತ್ತು, ಒಂದು ಟನ್ ಆಕ್ಸೈಡಿಗೆ ಎರಡು ಟನ್ನಿಗೂ ಮಿಕ್ಕಿ ಸ್ಟೈರೀನ್. ಇಂಥ ಘಟಕದ ಹಣೆಬರಹ ಬರೆಯುವುದು ಸ್ಟೈರೀನ್ ಬೇಡಿಕೆಯೊಂದೇ ಅಲ್ಲ. 2021ರ ಫೆಬ್ರವರಿಯ ಟೆಕ್ಸಾಸ್ ಶೀತ ಬೇರೆ ಮಾತು: ಅಮೆರಿಕ ರಫ್ತುದಾರ ದೇಶ, ಅಲ್ಲಿನ ಘಟಕಗಳು ನಿಂತಾಗ ಏಷ್ಯಾದಲ್ಲೂ ದರ ಹಾರಿತು.

ಇನ್ನು ಡಾಲಿಯನ್. ಸ್ಟೈರೀನ್ ಫ್ಯೂಚರ್ಸ್ ಅಲ್ಲಿ 2019ರ ಸೆಪ್ಟೆಂಬರ್‌ನಿಂದ ಇದೆ. ಗುರುತು ಇಬಿ, ಒಂದು ಲಾಟ್ 5 ಟನ್. ರಾತ್ರಿ ವಹಿವಾಟು ನಮ್ಮ ಸಂಜೆ 6.30ರಿಂದ 8.30, ಬೆಳಗಿನದು 6.30ಕ್ಕೆ ಶುರು. ಡೀಲರ್ ಫೋನ್ ಮಾಡುವ ಹೊತ್ತಿಗೆ ದಿಕ್ಕು ಗೊತ್ತಾಗಿರುತ್ತದೆ. ಚೀನಾ ಹಿಂದೆ ದೊಡ್ಡ ಆಮದುದಾರ, ಈಗ ಹೆಚ್ಚುಕಡಿಮೆ ಸ್ವಾವಲಂಬಿ, ಆಗಾಗ ರಫ್ತೂ ಮಾಡುತ್ತದೆ. ಕೊಲ್ಲಿಯ ಮಾರಾಟಗಾರರು ಅಲ್ಲಿನ ದರ ನೋಡಿಯೇ ನಮಗೆ ಹೇಳುತ್ತಾರೆ.

ಆದರೆ ಇದರಲ್ಲೊಂದು ಕಿರಿಕಿರಿ ಇದೆ, ಅದನ್ನು ತಿಳಿಯದೆ ಅಂಕಿ ನಂಬಿದರೆ ಕೆಡುತ್ತದೆ. ಪರದೆಯ ದರ ಚೀನಾದ ಶೇ 13 ವ್ಯಾಟ್ ಸೇರಿದ ಒಳನಾಡಿನ ದರ. ನೇರವಾಗಿ ಡಾಲರಿಗೆ ತಿರುಗಿಸಬಾರದು. ಇಬಿ ಟನ್ನಿಗೆ 8,000 ಯುವಾನ್ ಎಂದುಕೊಳ್ಳಿ. 1.13ರಿಂದ ಭಾಗಿಸಿದರೆ 7,080. ಬಂದರು ಖರ್ಚಿಗೆ 80 ಕಳೆದರೆ 7,000. ಶೇ 2 ಆಮದು ಸುಂಕ ತೆಗೆಯಲು 1.02ರಿಂದ ಭಾಗಿಸಿದರೆ 6,863. ಡಾಲರಿಗೆ 7.2 ಯುವಾನ್ ಹಿಡಿದರೆ 953 ಡಾಲರ್. ನೇರವಾಗಿ 7.2ರಿಂದ ಭಾಗಿಸಿದವನಿಗೆ 1,111 ಬರುತ್ತದೆ. ಡಾಲರಿಗೆ 85 ರೂಪಾಯಿಯಂತೆ ಕೆಜಿಗೆ 13 ರೂಪಾಯಿ ವ್ಯತ್ಯಾಸ. ಅಷ್ಟು ತಪ್ಪು ಅಂಕಿ ಹಿಡಿದು ಚೌಕಾಸಿಗೆ ಕೂತರೆ ಡೀಲರ್ ಹೇಳಿದ್ದೆಲ್ಲ ಅಗ್ಗವಾಗಿಯೇ ಕಾಣುತ್ತದೆ.

ಇದಕ್ಕಿಂತ ಹೆಚ್ಚು ಕಾಡುವುದು ತಿಂಗಳ ಬದಲಾವಣೆ. ಒಂದೊಂದು ತಿಂಗಳ ಮಾಲಿಗೂ ಬೇರೆ ಬೇರೆ ಕಾಂಟ್ರ್ಯಾಕ್ಟ್ ಇರುತ್ತದೆ. ಇಬಿಯಲ್ಲಿ ಹೆಚ್ಚು ವಹಿವಾಟಿರುವ ಕಾಂಟ್ರ್ಯಾಕ್ಟ್ ಹೆಚ್ಚುಕಡಿಮೆ ಪ್ರತಿ ತಿಂಗಳೂ ಮುಂದಿನದಕ್ಕೆ ಸರಿಯುತ್ತದೆ. ಉಚಿತ ಚಾರ್ಟ್‌ಗಳು ಹಳೆಯದನ್ನೂ ಹೊಸದನ್ನೂ ಹಾಗೇ ಜೋಡಿಸಿ ಒಂದೇ ಗೆರೆ ಎಳೆಯುತ್ತವೆ. ಹತ್ತಿರದ ತಿಂಗಳು ದುಬಾರಿ, ಮುಂದಿನದು ಅಗ್ಗ ಇದ್ದರೆ, ಸರಿದ ದಿನ ಗೆರೆ ಧೊಪ್ಪನೆ ಕುಸಿಯುತ್ತದೆ. ಮಾರುಕಟ್ಟೆಯಲ್ಲಿ ಏನೂ ಆಗಿರುವುದಿಲ್ಲ. ಹತ್ತಿರದ ತಿಂಗಳು ದುಬಾರಿ ಎಂದರೆ ಈಗಲೇ ಮಾಲು ಬಿಗಿ ಎಂದರ್ಥ. ಗೆರೆ ನಂಬಿದವನು ಇಳಿಯಿತು ಎಂದುಕೊಂಡು ಆರ್ಡರ್ ಮುಂದೂಡುತ್ತಾನೆ, ಸರಿಯಾಗಿ ಕೊಳ್ಳಬೇಕಾದ ಹೊತ್ತಿನಲ್ಲಿ.

ಪರಿಹಾರ ಸುಲಭ. ಎಕ್ಸೆಲ್‌ನಲ್ಲಿ ‘ಇಬಿ’ ಎಂದಷ್ಟೇ ಬರೆಯದೆ ಕಾಂಟ್ರ್ಯಾಕ್ಟ್ ಸಂಖ್ಯೆಯನ್ನೂ ಬರೆಯಿರಿ. ಇಬಿ2601 ಎಂದರೆ 2026ರ ಜನವರಿ. ಹತ್ತಿರದ ಎರಡು ತಿಂಗಳ ದರಗಳನ್ನು ದಿನವೂ ಅಕ್ಕಪಕ್ಕ ಹಾಕಿ, ಏರಿಳಿತವನ್ನು ಒಂದೇ ಸಂಖ್ಯೆಯೊಳಗೆ ಲೆಕ್ಕ ಹಾಕಿ. ಇನ್ನೊಂದು: ಪರದೆಯ ಶೇಕಡಾವಾರು ಬದಲಾವಣೆ ಹಿಂದಿನ ದಿನದ ಸೆಟಲ್‌ಮೆಂಟ್ ದರದ (ಆ ದಿನದ ವಹಿವಾಟಿನ ಸರಾಸರಿ) ಮೇಲೆ, ಕೊನೆಯ ವಹಿವಾಟಿನ ದರದ ಮೇಲಲ್ಲ. ನಮ್ಮ ಷೇರು ಪೇಟೆ ನೋಡಿ ರೂಢಿಯಾದವರು ಇಲ್ಲಿ ಎಡವುತ್ತಾರೆ.

ಕಾರಣ ಬೇರ್ಪಡಿಸಲು ಬೆಂಜೀನ್ ಬೇಕು. ಒಂದು ಟನ್ ಸ್ಟೈರೀನಿಗೆ ಸುಮಾರು 0.79 ಟನ್ ಬೆಂಜೀನ್, 0.29 ಟನ್ ಎಥಿಲೀನ್ ಹೋಗುತ್ತದೆ. ಡಾಲಿಯನ್‌ನಲ್ಲಿ 2025ರ ಜುಲೈನಿಂದ ಬೆಂಜೀನ್ ಫ್ಯೂಚರ್ಸೂ ಬಂದಿದೆ, ಗುರುತು ಬಿಝೆಡ್. ಎರಡೂ ಯುವಾನ್, ಎರಡರಲ್ಲೂ ವ್ಯಾಟ್. ಹಾಗಾಗಿ ಡಾಲರ್ ಲೆಕ್ಕದ ಗೋಜೇ ಇಲ್ಲ: ಒಂದೇ ತಿಂಗಳ ಇಬಿಯಿಂದ ಬಿಝೆಡ್‌ನ 0.79 ಪಾಲು ಕಳೆಯಿರಿ. ಇಬಿ ಏರಿಯೂ ಈ ಅಂತರ ಕದಲದಿದ್ದರೆ ಏರಿದ್ದು ಬೆಂಜೀನ್, ಮಾಲಿಗೆ ಕೊರತೆಯಿಲ್ಲ. ಅಂತರವೇ ಹಿಗ್ಗುತ್ತಿದ್ದರೆ ಎಲ್ಲೋ ಘಟಕ ನಿಂತಿದೆ ಅಥವಾ ದಾಸ್ತಾನು ಕರಗುತ್ತಿದೆ. ಚೀನಾದ ಜಿಯಾಂಗ್ಸು ಬಂದರುಗಳ ವಾರದ ದಾಸ್ತಾನು ಅಂಕಿ ನೋಡುವಾಗ ಮಾತ್ರ ಎಚ್ಚರ. ಯಾಂಗ್ಟ್ಸೆ ನದಿಯಲ್ಲಿ ಮಂಜು ಕವಿದು ಹಡಗು ಹೊರಗೇ ನಿಂತರೂ ಅಂಕಿ ಇಳಿಯುತ್ತದೆ, ಮಂಜು ಸರಿದ ಮೇಲೆ ಮತ್ತೆ ಏರುತ್ತದೆ.

ಡಾಲಿಯನ್ ಹೇಳದ್ದನ್ನು ಹೇಳುವುದು ಕಾಂಡ್ಲಾದ ಪಟ್ಟಿ. ಬಂದರು ಪ್ರಾಧಿಕಾರ ದಿನವೂ ಹಾಕುವ ಹಡಗುಗಳ ಸ್ಥಿತಿಪತ್ರದಲ್ಲಿ ಹಡಗಿನ ಹೆಸರು, ಸರಕು, ಟನ್ನು ಸಿಗುತ್ತವೆ. ಲಂಗರು ಹಾಕಿ ಸರದಿ ಕಾಯುತ್ತಿರುವ ಸ್ಟೈರೀನ್ ಹಡಗು ಎರಡಿದ್ದರೆ ‘ಶಾರ್ಟೇಜು’ ಮಾತಿಗೆ ಸೊಪ್ಪು ಹಾಕಬೇಕಿಲ್ಲ. ಪಟ್ಟಿ ಬರಿದಾಗಿದ್ದು ಡಾಲಿಯನ್ ಅಂತರವೂ ಹಿಗ್ಗುತ್ತಿದ್ದರೆ ಅಂದೇ ಟ್ಯಾಂಕರ್ ಬುಕ್ ಮಾಡಿ. ಕಾಂಡ್ಲಾದಿಂದ ಬೆಂಗಳೂರಿಗೆ ಲಾರಿಗೆ ನಾಲ್ಕೈದು ದಿನ ಬೇಕು. ಕುವೈತ್, ಜುಬೈಲ್‌ನಿಂದ ಬರುವ ಮಾಲು ಹಾರ್ಮುಜ್ ಜಲಸಂಧಿ ದಾಟಿಯೇ ಬರಬೇಕೆಂಬುದೂ ನೆನಪಿರಲಿ. ಅಲ್ಲಿ ಬಿಸಿಯೇರಿದರೆ ಮೊದಲು ಏರುವುದು ಹಡಗು ಬಾಡಿಗೆ ಮತ್ತು ವಿಮೆ.

ಹಡಗು ತೋರಿಸುವ ಮೊಬೈಲ್ ಆ್ಯಪ್: ಹಡಗು ಕಾಣುತ್ತದೆ, ಒಳಗೇನಿದೆ ಕಾಣುವುದಿಲ್ಲ. ವಾಣಿಜ್ಯ ಸಚಿವಾಲಯದ ಆಮದು ಅಂಕಿ, ಎಚ್‌ಎಸ್ ಕೋಡ್ 29025000: ಯಾವ ದೇಶದ ಪಾಲು ಎಷ್ಟೆಂದು ತಿಳಿಯಲು ಒಳ್ಳೆಯದು, ಈ ವಾರದ ಖರೀದಿಗೆ ತೀರಾ ತಡ.

ದಿನಕ್ಕೆ ಹತ್ತು ನಿಮಿಷ ಎಕ್ಸೆಲ್ ತುಂಬುವ ಅಭ್ಯಾಸ ಇರುವವರಿಗೆ ನನ್ನ ಆಯ್ಕೆ ಹೊಂದುತ್ತದೆ. ಅಭ್ಯಾಸವಿಲ್ಲದವರು ಮೂವರು ಡೀಲರ್‌ಗಳ ದರವನ್ನು ಒಂದೇ ಹೊತ್ತಿಗೆ, ಒಂದೇ ಷರತ್ತಿನಲ್ಲಿ ಕೇಳಿ ಬರೆದಿಟ್ಟುಕೊಂಡರೂ ಅರ್ಧ ಕೆಲಸ ಆಗುತ್ತದೆ. ಹಡಗಿನಲ್ಲಿ ಬರುವ ದೊಡ್ಡ ಪಾಲನ್ನೇ (ಪಾರ್ಸೆಲ್) ನೇರವಾಗಿ ಕೊಳ್ಳುವವರಿಗೆ, ಸೂತ್ರದ ದರದಲ್ಲಿ ವರ್ಷದ ಒಪ್ಪಂದ ಮಾಡುವವರಿಗೆ ಚಂದಾ ವರದಿ ಬೇಕೇ ಬೇಕು. ಚೀನಾದ ವಸಂತ ಹಬ್ಬಕ್ಕೂ ಅಕ್ಟೋಬರ್ ಮೊದಲ ವಾರಕ್ಕೂ ಡಾಲಿಯನ್ ಪರದೆ ಮುಚ್ಚಿರುತ್ತದೆ. ಆ ದಿನಗಳಿಗೆ ಬೇಕಾದ ಟ್ಯಾಂಕರನ್ನು ರಜೆಗೆ ಮುಂಚೆಯೇ ಬುಕ್ ಮಾಡಿಬಿಡಿ.